ಅತ್ತೆ ಮನೆ ದಾರಿಯಲ್ಲಿ ಮಾತ್ರ ಬರುವ ಹೊಗೆ

ಮೂಗು ಇರುವವರಿಗೆಲ್ಲ ವಾಸನೆ ತಿಳಿಯುತ್ತದೆ ಎಂದು ನಂಬಿರುವವರು ನನ್ನ ಮೂಗನ್ನು ನೋಡಿಲ್ಲ. ನೋಡುವುದಕ್ಕೇನೋ ಅದು ಸಾಕಷ್ಟು ದೊಡ್ಡದೇ ಇದೆ. ನಾನು ಕೋಣೆಗೆ ಬರುವ ಮೊದಲು ಅದು ಬರುತ್ತದೆ ಎಂದು ನನ್ನ ಹೆಂಡತಿ ಸುಮತಿ ಹೇಳುವುದುಂಟು. ಆದರೆ ಇಪ್ಪತ್ತನೆಯ ವಯಸ್ಸಿನಿಂದ ನಶ್ಯ ತುಂಬಿಸಿ ತುಂಬಿಸಿ ಅದನ್ನು ನಾನು ಉಗ್ರಾಣ ಮಾಡಿಬಿಟ್ಟಿದ್ದೇನೆ. ಅಡುಗೆಮನೆಯಲ್ಲಿ ಹಾಲು ಉಕ್ಕಿ, ಸೀದು, ಪಾತ್ರೆ ಕರಿಯಾದರೂ ನಾನು ಪಕ್ಕದಲ್ಲಿಯೇ ಪೇಪರು ಓದುತ್ತ ಕುಳಿತಿರಬಲ್ಲೆ. ನನಗೆ ನಶ್ಯವನ್ನೂ ನಾಲ್ಕು ಮಾತನ್ನೂ ಕಲಿಸಿದ ಅಜ್ಜ ಹೇಳುತ್ತಿದ್ದರು: "ಕಣ್ಣು ಹೋದವ ಕೋಲು ಹಿಡಿಯುತ್ತಾನೆ, ಕಿವಿ ಹೋದವ ಕೈ ಅಡ್ಡ ಹಿಡಿಯುತ್ತಾನೆ, ಮೂಗು ಹೋದವ ಮಾತ್ರ ವಾದ ಮಾಡುತ್ತಾನೆ." ಅಜ್ಜ ಸ್ವಂತ ಅನುಭವದಿಂದಲೇ ಹೇಳಿರಬೇಕು. ನಾನಂತೂ ಒಂದು ಇಡೀ ವರ್ಷ ವಾದ ಮಾಡಿದೆ. ಆ ಕಥೆಯನ್ನು ಒಪ್ಪಿಕೊಂಡುಬಿಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರು. ಮನೆ ಹೊಳೆಬದಿಯ ನರಿಕೊಂಬಿನಲ್ಲಿ. ವಿಟ್ಲದ ಅಡಿಕೆ ವ್ಯಾಪಾರಿಯೊಬ್ಬರು ಹೊಸ ಕಾರು ತಂದಾಗ ಅವರ ಹಳೆಯ ಕಾರು ನನ್ನ ಪಾಲಿಗೆ ಬಂತು. ನಾನು ಅದರ ನಾಲ್ಕನೆಯ ಯಜಮಾನ. ಮೊದಲಿನ ಮೂವರ ನೆನಪುಗಳನ್ನೂ ಅದು ಜೋಪಾನವಾಗಿ ಇಟ್ಟುಕೊಂಡಿತ್ತು. ಒಬ್ಬರ ಕಾಲದಲ್ಲಿ ಎದುರಿನ ಸೀಟಿನ ಸ್ಪ್ರಿಂಗು ಎದ್ದಿತ್ತು. ಇನ್ನೊಬ್ಬರು ಹಿಂಬದಿಯ ಗೋಡೆಗೋ ಮಾವಿನ ಮರಕ್ಕೋ ತಾಗಿಸಿ ಹೊಗೆಯ ಪೈಪಿನ ತುದಿಯನ್ನು ಕಳೆದಿದ್ದರು. ಪೈಪು ಚೋಟುದ್ದ ಕಡಿಮೆಯಾದರೆ ಏನಂತೆ, ಕಾರು ಓಡುತ್ತದಲ್ಲ ಎಂದುಕೊಂಡೆ. ಶಾಲೆಗೆ ಹೋಗಿ ಬರುವಾಗ ಯಾವ ತಕರಾರೂ ಇರಲಿಲ್ಲ. ನಾನೂ ಕಾರೂ ಒಬ್ಬರ ಕೆಮ್ಮನ್ನು ಒಬ್ಬರು ಸಹಿಸಿಕೊಂಡು ಆರಾಮವಾಗಿಯೇ ಇದ್ದೆವು.

ತಕರಾರು ಶುರುವಾದದ್ದು ಮೂಡುಬಿದಿರೆಯ ದಾರಿಯಲ್ಲಿ. ಸುಮತಿಯ ತಾಯಿಮನೆ ಮೂಡುಬಿದಿರೆ ಪೇಟೆಯಲ್ಲಿ. ಮನೆ ತುಂಬ ಮಗ, ಸೊಸೆ, ಮೊಮ್ಮಕ್ಕಳು ಇದ್ದರೂ ನನ್ನ ಅತ್ತೆಯವರ ಮಾತುಕತೆಯೆಲ್ಲ ಅವರ ಎರಡು ದನಗಳ ಜೊತೆಗೆ. ಪೇಟೆಯಲ್ಲಿ ದನ ಇದ್ದರೂ ಗದ್ದೆ ಇಲ್ಲ. ನರಿಕೊಂಬಿನಲ್ಲಿ ನಮಗೆ ಗದ್ದೆ ಉಂಟು, ದನ ಇಲ್ಲ. ಹೀಗಾಗಿ ಎರಡು ವಾರಕ್ಕೊಮ್ಮೆ ಭಾನುವಾರ ಕಾರಿನ ಡಿಕ್ಕಿಯಲ್ಲಿ ಬೈಹುಲ್ಲಿನ ಕಟ್ಟುಗಳು ಮೂಡುಬಿದಿರೆಗೆ ಹೋಗುತ್ತಿದ್ದವು. ಸಂಜೆ ಅದೇ ಡಿಕ್ಕಿಯಲ್ಲಿ ಬಾಳೆಗೊನೆ, ಬಾಳೆಎಲೆಯ ಕಟ್ಟು, ಸೌತೆಕಾಯಿ, ಅತ್ತೆ ಸ್ವತಃ ತೆಂಗಿನ ಕಡ್ಡಿ ಕೆರೆದು ಕಟ್ಟಿದ ಹಿಡಿಸೂಡಿ ಪೊರಕೆ, ಎಲ್ಲ ಬಂಟ್ವಾಳಕ್ಕೆ ಬರುತ್ತಿದ್ದವು. ಬರಿಗೈಯಲ್ಲಿ ಹೋಗುವುದು, ಬರಿಗೈಯಲ್ಲಿ ಕಳುಹಿಸುವುದು, ಎರಡೂ ನಮ್ಮ ಕಡೆ ಜಗಳ ಆಡುವುದಕ್ಕಿಂತ ದೊಡ್ಡ ತಪ್ಪು. ಡಿಕ್ಕಿ ಮುಚ್ಚುವ ಮಾತೇ ಇರಲಿಲ್ಲ. ಅದರ ಮುಚ್ಚಳವನ್ನು ಅರ್ಧಕ್ಕೆ ಇಳಿಸಿ ಹುರಿಹಗ್ಗದಿಂದ ನಾನೇ ಕಟ್ಟುತ್ತಿದ್ದೆ. ಮೂರು ಸುತ್ತು, ಒಂದು ಕುಣಿಕೆ. ದಾರಿಯಲ್ಲಿ ಒಂದು ಎಳೆ ಹುಲ್ಲೂ ಬೀಳುತ್ತಿರಲಿಲ್ಲ. ನನ್ನ ಕೈಯಿಂದ ಈ ಜನ್ಮದಲ್ಲಿ ಆದ ಕುಸುರಿ ಕೆಲಸ ಎಂದರೆ ಅದೊಂದೇ.

ಮೊದಲ ಸಲ ಸುಮತಿ ಹೇಳಿದ್ದು ದಾರಿಯ ನಡುವಿನ ಸಿದ್ಧಕಟ್ಟೆಯ ಹತ್ತಿರ. "ಇವರೇ, ಎಂತದೋ ಹೊಗೆ ವಾಸನೆ ಬರ್ತದೆ."

"ಎದುರಿನ ಬಸ್ಸಿನದ್ದು," ಎಂದೆ.

ಮುಂದಿನ ಸಲ ಎದುರು ಬಸ್ಸು ಇರಲಿಲ್ಲ. "ಯಾರೋ ಗುಡ್ಡೆಗೆ ಬೆಂಕಿ ಕೊಟ್ಟಿರಬೇಕು," ಎಂದೆ. ಅದರ ಮುಂದಿನ ಸಲ ಗುಡ್ಡೆಯೂ ಹಸಿರಾಗಿಯೇ ಇತ್ತು. ಅಷ್ಟರಲ್ಲಿ ವಾಸನೆಯ ಜೊತೆಗೆ ಅವಳಿಗೆ ತಲೆನೋವು ಶುರುವಾಗಿತ್ತು. ಸ್ಪ್ರಿಂಗಿನ ದೆಸೆಯಿಂದ ಅವಳು ಹಿಂದಿನ ಸೀಟಿನಲ್ಲಿ ಕೂರುವವಳು. ಮೂಡುಬಿದಿರೆ ಮುಟ್ಟುವಾಗ ಹಣೆಗೆ ಕೈಕೊಟ್ಟು ಕಣ್ಣುಮುಚ್ಚಿ ಒರಗಿರುತ್ತಿದ್ದಳು. ತಾಯಿಮನೆಯ ಮೆಟ್ಟಿಲು ಹತ್ತಿದವಳೇ ಮಲಗುವಳು. ಸಂಜೆ ಕಾರು ಹತ್ತಿದರೆ ಮತ್ತೆ ನೋವು. ಸೋಮವಾರ ಮಧ್ಯಾಹ್ನದವರೆಗೂ ಬಿಡುತ್ತಿರಲಿಲ್ಲ. ನಾನೂ ಅತ್ತೆಯವರ ಮನೆಯಲ್ಲಿ ಊಟವಾದ ಮೇಲೆ ಹೆಣದ ಹಾಗೆ ನಿದ್ದೆ ಹೋಗುತ್ತಿದ್ದೆ. ಆದರೆ ಅದು ಕೋಳಿಸಾರು ಸುರಿದ ಅವರ ಕೋರಿರೊಟ್ಟಿಯ ಮಹಿಮೆ ಎಂದು ತಿಳಿದಿದ್ದೆ.

ಕಿಟಕಿ ತೆರೆಯಬಾರದೇ ಎಂದು ನೀವು ಕೇಳಬಹುದು. ಆ ರಸ್ತೆಯನ್ನು ಆ ಕಾಲದಲ್ಲಿ ಕಂಡವರು ಕೇಳುವುದಿಲ್ಲ. ಡಾಮರು ಅಲ್ಲಲ್ಲಿ ಗುರುತಿಗೆ ಮಾತ್ರ. ಉಳಿದದ್ದೆಲ್ಲ ಕೆಂಪು ಧೂಳು. ಮಿಂದು, ಎಣ್ಣೆ ಹಾಕಿ ತಲೆ ಬಾಚಿ, ಮಲ್ಲಿಗೆ ಮುಡಿದು ತಾಯಿಮನೆಗೆ ಹೊರಟ ಹೆಂಗಸು ಹೆಂಚಿನ ಕಾರ್ಖಾನೆಯಿಂದ ಬಂದವಳ ಹಾಗೆ ಇಳಿಯಲು ಒಪ್ಪುತ್ತಾಳೆಯೇ? ಗಾಜುಗಳನ್ನೆಲ್ಲ ಏರಿಸಿಯೇ ಹೋಗುತ್ತಿದ್ದೆವು. ನನ್ನ ಬದಿಯ ಸಣ್ಣ ತ್ರಿಕೋನದ ಕಿಟಕಿಯೊಂದನ್ನು ಮಾತ್ರ ನಾನು ತೆರೆದಿಟ್ಟುಕೊಳ್ಳುತ್ತಿದ್ದೆ. ಡ್ರೈವರನಿಗೆ ಗಾಳಿ ಬೇಕು ಎಂಬುದು ನನ್ನ ಸಿದ್ಧಾಂತ.

ಕುತೂಹಲದ ಸಂಗತಿಯೆಂದರೆ, ಶಾಲೆಯ ದಾರಿಯಲ್ಲಿ ವಾಸನೆ ಇಲ್ಲ. ಸುಮತಿಯನ್ನು ಪೇಟೆಗೆ ಕರೆದುಕೊಂಡು ಹೋದರೆ ಇಲ್ಲ. ಮದುವೆಗೆಂದು ಪುತ್ತೂರಿಗೆ ಹೋಗಿ ಬಂದೆವು, ಇಲ್ಲ. ಮೂಡುಬಿದಿರೆಗೆ ಹೊರಟರೆ ಮಾತ್ರ ಉಂಟು. ಒಂದು ಕಾರಿಗೆ ಊರುಗಳಲ್ಲಿ ಭೇದ ಹೇಗೆ ತಿಳಿಯುತ್ತದೆ? ನಾನು ಹಗಲೆಲ್ಲ ಯೋಚಿಸಿದೆ. ಇಳಿಜಾರು ಕಾರಣವೇ? ಸಿದ್ಧಕಟ್ಟೆಯ ತಿರುವುಗಳೇ? ಪೆಟ್ರೋಲೇ? ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ಒಂದೊಂದಾಗಿ ಹೊಡೆದು ಹಾಕುತ್ತ ಬಂದೆ. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಅತ್ತೆಯವರೊಬ್ಬರೇ. ಸುಮತಿ ಪಟ್ಟಿಯನ್ನು ನೋಡಿದಳು.

ಮನೆಯಲ್ಲಿ ನಮ್ಮ ಮಾತು ತುಳುವಿನಲ್ಲಿ. ಸುಮತಿ ಕನ್ನಡಕ್ಕೆ ತಿರುಗಿದಳೆಂದರೆ ವಿಷಯ ಗಂಭೀರ ಎಂದು ಅರ್ಥ. ಅವಳು ಅಚ್ಚ ಶಾಲೆಯ ಕನ್ನಡದಲ್ಲಿ, "ನಿಮಗೆ ನನ್ನ ತಾಯಿಯ ಮನೆಗೆ ಬರಲು ಇಷ್ಟವಿಲ್ಲದಿದ್ದರೆ ಬಾಯಿಬಿಟ್ಟು ಹೇಳಬಹುದು. ಕಾರಿನಿಂದ ಹೇಳಿಸುವ ಅಗತ್ಯವಿಲ್ಲ," ಎಂದಳು. ನಾನು ಪಟ್ಟಿಯನ್ನು ಹರಿದು ಹಾಕಿದೆ. ಆದರೆ ಗೋಡೆಯಲ್ಲಿ ಅಂಟಿನ ಗುರುತು ಉಳಿಯಿತು.

ನಮ್ಮ ಪೇಟೆಯ ಮೆಕ್ಯಾನಿಕ್ಕಿನ ಹತ್ತಿರ ಮೂರು ಸಲ ಹೋದೆ. ಇಲ್ಲಿ ಒಂದು ಮಾತು ಹೇಳಬೇಕು. ಡಾಕ್ಟರಲ್ಲಿಗೆ ಹೋಗುವಾಗ ಮಿಂದು, ಮಡಿ ಬಟ್ಟೆ ಉಟ್ಟು ಹೋಗುವವರು ನಾವು. ಎಷ್ಟೇ ಜ್ವರ ಇರಲಿ, ಕೊಳಕು ಬನಿಯನಿನಲ್ಲಿ ಡಾಕ್ಟರ ಎದುರು ಕೂರುವುದುಂಟೇ? ಹಾಗೆಯೇ ಕಾರನ್ನು ಗ್ಯಾರೇಜಿಗೆ ಒಯ್ಯುವ ಹಿಂದಿನ ದಿನ ನಾನು ಅದನ್ನು ತೊಳೆಯುತ್ತಿದ್ದೆ. ಡಿಕ್ಕಿಯನ್ನು ಖಾಲಿ ಮಾಡಿ, ಒಂದೊಂದು ಹುಲ್ಲಿನ ಎಳೆಯನ್ನೂ ಹೆಕ್ಕಿ, ಗುಡಿಸಿ, ಒರೆಸಿ, ಟಪ್ಪೆಂದು ಮುಚ್ಚುತ್ತಿದ್ದೆ. ಹಾಗೆ ಮದುಮಗನ ಹಾಗೆ ಹೊರಟ ಕಾರಿನಲ್ಲಿ ವಾಸನೆ ಎಲ್ಲಿಂದ ಬರಬೇಕು? ಮೆಕ್ಯಾನಿಕ್ಕು ಒಂದು ಸುತ್ತು ಓಡಿಸಿ ಬಂದು, "ಎಂತದೂ ಇಲ್ಲ ಸಾರ್," ಎನ್ನುತ್ತಿದ್ದರು. ಆದರೂ ಮಾಷ್ಟ್ರು ಬಂದಿದ್ದಾರೆಂದು ಒಮ್ಮೆ ಕಾರ್ಬರೇಟರ್ ಬಿಚ್ಚಿ ತೊಳೆದರು, ಒಮ್ಮೆ ಸೈಲೆನ್ಸರಿಗೆ ಬೆಸುಗೆ ಹಾಕಿದರು. ಮೂರನೆಯ ಸಲ ಕೈ ಒರೆಸಿಕೊಳ್ಳುತ್ತ, "ಸಾರ್, ಬೇಸರ ಮಾಡಬೇಡಿ. ಕೆಲವರಿಗೆ ಮನಸ್ಸಿನಲ್ಲಿಯೇ ವಾಸನೆ ಬರ್ತದೆ," ಎಂದರು. ನಾನು ಇದನ್ನು ಮನೆಗೆ ಬಂದು ಸುಮತಿಗೆ ಹೇಳಿದೆ. ಹೇಳಬಾರದಿತ್ತು.

ಆಮೇಲೆ ಅವಳು ವಾಸನೆಯ ಸುದ್ದಿ ಎತ್ತಲಿಲ್ಲ. ತಲೆನೋವಿನ ಸುದ್ದಿ ಮಾತ್ರ ಉಳಿಯಿತು. ಕಣ್ಣಿನ ದೋಷ ಇರಬೇಕೆಂದು ಕನ್ನಡಕ ಮಾಡಿಸಿದೆವು. ಅವಳಿಗೆ ಅದು ಒಪ್ಪುತ್ತಿತ್ತು; ಆದರೆ ನೋವು ಕನ್ನಡಕದ ಹಿಂದೆ ಹಾಗೆಯೇ ಕುಳಿತಿತ್ತು. ಅತ್ತೆಯವರು ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸನ್ನು ಮಗಳ ಮುಖಕ್ಕೆ ಸುಳಿದು ಒಲೆಗೆ ಹಾಕಿದರು. ಮನೆ ಮಂದಿಯೆಲ್ಲ ಕೆಮ್ಮಿದರು, ನಾನೊಬ್ಬ ಬಿಟ್ಟು. ಕೊನೆಗೆ ಬೆಳ್ತಂಗಡಿಯಲ್ಲಿ ನಮಗೆ ಹಿಂದಿನಿಂದ ಪರಿಚಯದ ಡಾಕ್ಟರೊಬ್ಬರಲ್ಲಿಗೆ ಕರೆದುಕೊಂಡು ಹೋದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ನನ್ನನ್ನೊಬ್ಬನನ್ನೇ ಕರೆದು, "ಒಂದು ವರ್ಷದ ತಲೆನೋವು ಅಂದರೆ ಹಾಗೆಯೇ ಬಿಡುವ ಹಾಗಿಲ್ಲ ಮಾಷ್ಟ್ರೇ. ಬರುವ ಗುರುವಾರ ಮಂಗಳೂರಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿ. ತಲೆಯ ಒಳಗೆ ಏನಾದರೂ ಉಂಟಾ ಅಂತ ನೋಡಿಬಿಡುವ," ಎಂದು ಕಾಗದ ಬರೆದುಕೊಟ್ಟರು.

ಕಾಗದವನ್ನು ನಾನು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಸುಮತಿ ಕಾರಿನಲ್ಲಿ ಕುಳಿತವಳು ಅದೇನೆಂದು ಕೇಳಲಿಲ್ಲ. ಹೊರಗೆ ನೋಡುತ್ತ, "ಮಂಗಳೂರಲ್ಲಿ ನನ್ನನ್ನು ಆಸ್ಪತ್ರೆಯಲ್ಲಿ ನಿಲ್ಲಿಸಿಕೊಂಡರೆ ಬಸಳೆಗೆ ಎರಡು ಹೊತ್ತು ನೀರು ಹಾಕಬೇಕು. ನೀವು ಒಂದು ಹೊತ್ತು ಹಾಕಿ ಸಾಕು ಅಂತ ಬಿಡ್ತೀರಿ," ಎಂದಳು. ಅವಳಿಗೆ ಕೇಳಿಸಿತ್ತು. ನಾನು ನಶ್ಯದ ಡಬ್ಬಿ ತೆಗೆದೆ. ಅರ್ಧ ನಶ್ಯ ಸ್ಟೇರಿಂಗಿನ ಮೇಲೆ ಚೆಲ್ಲಿತು.

ಸಂತೆಕಟ್ಟೆ ದಾಟಿದ ಮೇಲೆ ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆಯಾದ ಹಾಗೆ ಕಂಡಿತು. ಅಲ್ಲಿ ಒಂದು ಗೇರುಮರದ ಕೆಳಗೆ ಹಸನಬ್ಬ ಎಂಬವರ ಗ್ಯಾರೇಜು ಇತ್ತು. ಗ್ಯಾರೇಜು ಎಂದರೆ ಆ ಮರವೇ. ಬಿಳಿ ಗಡ್ಡ, ತಲೆಗೆ ಸುತ್ತಿದ ಟವೆಲು, ಮೊಣಕೈವರೆಗೆ ಗ್ರೀಸು. ಗಾಳಿ ತುಂಬಿಸುತ್ತಿದ್ದವರು ಹಿಂದಿನ ಸೀಟಿನಲ್ಲಿ ಮುಖ ಬಾಡಿಸಿ ಕುಳಿತ ಸುಮತಿಯನ್ನು ನೋಡಿ, "ಅಕ್ಕನಿಗೆ ಸೌಖ್ಯ ಇಲ್ವಾ?" ಎಂದು ಕೇಳಿದರು. ನನಗೆ ಯಾರಲ್ಲಾದರೂ ಹೇಳಿಕೊಳ್ಳಬೇಕಾಗಿತ್ತೋ ಏನೋ, ತಲೆನೋವು, ವಾಸನೆ, ಕಾರ್ಬರೇಟರು, ಬೆಸುಗೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಪಂಪು ನಿಲ್ಲಿಸಿ ಕೇಳಿದರು.

"ವಾಸನೆ ನಿಮಗೆ ಬರ್ತದಾ ಮಾಷ್ಟ್ರೇ?"

"ನನಗೆ ಇಲ್ಲ."

"ತಲೆನೋವು?"

"ಅದೂ ಅವಳಿಗೇ."

"ಹಾಗಾದ್ರೆ ನೀವು ಎಂತಕ್ಕೆ ಮಾತಾಡುದು ಮಾರಾಯ್ರೆ?" ಎಂದವರೇ ನನ್ನನ್ನು ದಾಟಿ ಕಿಟಕಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕುಳಿತರು. "ಅಕ್ಕ, ನೀವು ಹೇಳಿ. ಸಾವಕಾಶ ಹೇಳಿ. ಯಾವಾಗ ಬರ್ತದೆ?"

ಒಂದು ವರ್ಷದಲ್ಲಿ ಮೂರು ಸಲ ಗ್ಯಾರೇಜಿಗೆ ಹೋಗಿದ್ದ ನಾನು ಒಮ್ಮೆಯೂ ಸುಮತಿಯನ್ನು ಕರೆದುಕೊಂಡು ಹೋಗಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಗ್ಯಾರೇಜಿಗೆ ಹೆಂಗಸರು ಎಂತಕ್ಕೆ ಎಂದುಕೊಂಡಿದ್ದೆ. ನೋವು ಒಬ್ಬರಿಗೆ, ಔಷಧಕ್ಕೆ ಹೋಗಿ ನಾಲಗೆ ತೋರಿಸುವವನು ಇನ್ನೊಬ್ಬ!

ಸುಮತಿ ಮೊದಲು ಸಂಕೋಚದಿಂದ, ಆಮೇಲೆ ಸರಾಗವಾಗಿ ಹೇಳಿದಳು. ಮೂಡುಬಿದಿರೆಯ ದಾರಿಯಲ್ಲಿ ಮಾತ್ರ. ಹೋಗುವಾಗಲೂ, ಬರುವಾಗಲೂ. ಗಾಡಿ ನಿಧಾನವಾದರೆ ಕಡಿಮೆ, ಓಡಿದರೆ ಜಾಸ್ತಿ. "ಇನ್ನೊಂದು ಉಂಟು," ಎಂದಳು. "ಗಾಜು ಎಲ್ಲ ಹಾಕಿದ್ರೂ ನನ್ನ ಕುತ್ತಿಗೆಯ ಹಿಂದೆ ಕೆಂಪು ಧೂಳು ಇರ್ತದೆ. ಇವರಿಗೆ ಹೇಳಿದ್ರೆ ಸೀಟು ಒರೆಸ್ಲಿಲ್ಲ ಅಂತಾರೆ."

ಹಸನಬ್ಬರ ಕಣ್ಣು ಸಣ್ಣದಾಯಿತು. "ಹೋಗುವಾಗ ಎಂತ ಕೊಂಡುಹೋಗ್ತೀರಿ ಅಕ್ಕ?"

"ಬೈಹುಲ್ಲು."

"ಬರುವಾಗ?"

"ಬಾಳೆಗೊನೆ. ಮತ್ತೆ ಹಿಡಿಸೂಡಿ, ಸೌತೆ..."

ಅವರು ಎದ್ದರು. ಎದುರಿನ ಚಾ ಹೋಟೆಲಿನವರ ಕೊಟ್ಟಿಗೆಯಿಂದ ನಾಲ್ಕು ಕಟ್ಟು ಬೈಹುಲ್ಲನ್ನು ಕೇಳಿ ತಂದು ನನ್ನ ಡಿಕ್ಕಿಗೆ ತುಂಬಿಸಿದರು. ಡಿಕ್ಕಿಯ ಮೂಲೆಯಲ್ಲಿದ್ದ ನನ್ನ ಹುರಿಹಗ್ಗವನ್ನೇ ತೆಗೆದು ನನ್ನ ಕೈಗೆ ಕೊಟ್ಟು, "ಕಟ್ಟಿ ಮಾಷ್ಟ್ರೇ. ಪ್ರತಿ ಸಲ ಹೇಗೆ ಕಟ್ಟುದೋ ಹಾಗೆ," ಎಂದರು. ನಾನು ಮೂರು ಸುತ್ತು ಹಾಕಿ, ಕುಣಿಕೆ ಬಿಗಿದು, ಹೊಗಳಿಕೆಗಾಗಿ ಒಂದು ಕ್ಷಣ ನಿಂತೆ. ಅವರು ಕಟ್ಟನ್ನು ನೋಡಿ, "ಚಂದ ಉಂಟು. ಇದೇ ಕಳ್ಳ ಅಂತ ಕಾಣ್ತದೆ," ಎಂದರು.

ಸುಮತಿ ಹಿಂದೆ ಕುಳಿತಳು. ಹಸನಬ್ಬ ನನ್ನ ಪಕ್ಕದ ಸ್ಪ್ರಿಂಗಿನ ಮೇಲೆ ಏನೂ ಆಗದವರ ಹಾಗೆ ಕುಳಿತು ನನ್ನ ತ್ರಿಕೋನದ ಕಿಟಕಿಯನ್ನೂ ಮುಚ್ಚಿಸಿದರು. ಗುರುವಾಯನಕೆರೆ ದಾಟಿ ವೇಣೂರಿನ ಕಡೆ ಹೊರಟೆವು. ಗಾಡಿ ಸ್ವಲ್ಪ ಓಟ ಹಿಡಿದಾಗ ಅವರು ಒಂದು ಬೀಡಿ ಹಚ್ಚಿದರು. "ಕ್ಷಮಿಸಿ ಅಕ್ಕ, ಇದು ಸೇದ್ಲಿಕ್ಕಲ್ಲ," ಎಂದು ಹಿಂದಕ್ಕೆ ತಿರುಗಿ ಹಿಂಬದಿ ಸೀಟಿನ ಬೆನ್ನಿನ ಮೂಲೆಗೆ ಬೀಡಿ ಹಿಡಿದರು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಮೇಲಕ್ಕೆ ಏಳಬೇಕಾದ ಹೊಗೆ ಯಾರೋ ಹಿಂದಿನಿಂದ ಊದಿದ ಹಾಗೆ ಬಾಗಿ, ನೀಟಾಗಿ ಗೆರೆ ಎಳೆದಂತೆ ಮುಂದಕ್ಕೆ, ಸುಮತಿಯ ಮುಖದ ಮೇಲಿಂದ ನನ್ನ ಕಡೆಗೆ ಬಂತು.

"ಬಂತು," ಎಂದಳು ಸುಮತಿ. "ಬೀಡಿಯದ್ದಲ್ಲ. ಅದೇ ವಾಸನೆ."

"ನನಗೂ ಬಂತು," ಎಂದರು ಹಸನಬ್ಬ. "ಗಾಡಿ ನಿಲ್ಲಿಸಿ, ಗಾಜು ಇಳಿಸಿ."

ಮೂವರೂ ರಸ್ತೆಯ ಬದಿಯಲ್ಲಿ ನಿಂತೆವು. ಸುಮತಿ ಅಳುತ್ತಿದ್ದಳು. ನನಗೆ ಗಾಬರಿಯಾಯಿತು, ಅವಳು ಕೈ ಅಲ್ಲಾಡಿಸಿ, "ನೋವಿಗಲ್ಲ. ಇನ್ನೊಬ್ಬರಿಗೂ ಬಂತಲ್ಲ," ಎಂದಳು.

ಆಗ ಒಂದು ಸರ್ವಿಸ್ ಬಸ್ಸು ಧೂಳೆಬ್ಬಿಸುತ್ತ ಹೋಯಿತು. ಹಸನಬ್ಬ ಅದರ ಕಡೆ ಕೈ ತೋರಿಸಿ ಕೇಳಿದರು: "ಮಾಷ್ಟ್ರೇ, ಬಸ್ಸಿನಲ್ಲಿ ಧೂಳು ಯಾರ ತಲೆಗೆ ಹೆಚ್ಚು? ಡ್ರೈವರನಿಗಾ, ಹಿಂದಿನ ಸೀಟಿನವನಿಗಾ?"

"ಹಿಂದಿನ ಸೀಟಿನವನಿಗೆ."

"ಬಸ್ಸು ಧೂಳನ್ನು ಬಿಟ್ಟು ಮುಂದೆ ಓಡ್ತಾ ಉಂಟಲ್ಲ, ಮತ್ತೆ ಹೇಗೆ? ಓಡುವ ಗಾಡಿ ಬೆನ್ನ ಹಿಂದಿನ ಗಾಳಿಯನ್ನು ಎಳ್ಕೊಳ್ತದೆ. ನಿಮ್ಮ ಪೈಪು ಗಿಡ್ಡ, ಹೊಗೆ ಬಿಡುದು ಸೀದಾ ಡಿಕ್ಕಿಯ ಅಡಿಗೆ. ಡಿಕ್ಕಿ ಬಾಯಿ ತೆರೆದು ಉಂಟು, ಸೀಟಿನ ಬೆನ್ನಿಗೆ ಇದ್ದ ಹಲಗೆ ಗೆದ್ದಲು ತಿಂದು ತೂತು. ಮತ್ತೆ ಗಾಜು ಎಲ್ಲ ಮುಚ್ಚಿದ್ರೆ ಅಕ್ಕ ಕುಡಿಯುದು ಎಂತದನ್ನು? ಬಿಸಿ ಪೈಪಿನ ಮೇಲೆ ಬೈಹುಲ್ಲು ಬೇರೆ! ಇಷ್ಟು ದಿನ ಹೊತ್ತಿಕೊಳ್ಳದ್ದು ನಿಮ್ಮ ಹಿರಿಯರ ಪುಣ್ಯ."

ಸುಮತಿ ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತಿದ್ದಳು. "ಒಂಬತ್ತನೇ ಕ್ಲಾಸಿಗೆ ನೀವು ಇದನ್ನೇ ಅಲ್ವಾ ಪಾಠ ಮಾಡುದು?" ಎಂದಳು. ಮಾಡುತ್ತೇನೆ. ಇಂಗಾಲದ ಮೊನಾಕ್ಸೈಡು. ಪೆಟ್ರೋಲು ಉರಿದ ಹೊಗೆಯಲ್ಲಿರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ಮೊದಲು ತಲೆನೋವು, ತೂಕಡಿಕೆ, ಅಲಕ್ಷಿಸಿದರೆ ಪ್ರಾಣಾಪಾಯ. ಪ್ರತಿ ವರ್ಷ ಬೋರ್ಡಿನಲ್ಲಿ ಬರೆದು ಅಡಿಗೆರೆ ಎಳೆಯುತ್ತೇನೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತೇನೆ, ಬರೆಯದವರನ್ನು ಬೈಯುತ್ತೇನೆ. ಅದೇ ವಿಷ ಎರಡು ವಾರಕ್ಕೊಮ್ಮೆ ನನ್ನ ಬೆನ್ನ ಹಿಂದೆಯೇ ಕುಳಿತು ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಬರುತ್ತಿತ್ತು. ನಾನು ಅದಕ್ಕೆ ನನ್ನ ಕೈಯಾರೆ, ಮೂರು ಸುತ್ತು ಹಾಕಿ, ಬಾಗಿಲು ತೆರೆದಿಟ್ಟು ಕಟ್ಟುತ್ತಿದ್ದೆ. ಕೋರಿರೊಟ್ಟಿಯ ಮೇಲೆ ಅಪವಾದ ಬೇರೆ ಹೊರಿಸಿದ್ದೆ.

ಹಸನಬ್ಬ ಆ ದಿನವೇ ಪೈಪಿಗೆ ಉದ್ದದ ತುಂಡೊಂದನ್ನು ಬೆಸೆದು ಬಂಪರಿನಿಂದ ಆಚೆ ತಂದರು. ಸೀಟಿನ ಬೆನ್ನಿಗೆ ಹೊಸ ತಗಡು ಹೊಡೆದರು. ಡಿಕ್ಕಿಯ ಬಾಯಿಗೆ ರಬ್ಬರು ಪಟ್ಟಿ ಹಾಕಿದರು. ಹುರಿಹಗ್ಗವನ್ನು ತಾವೇ ಇಟ್ಟುಕೊಂಡರು. "ಡಿಕ್ಕಿ ಮುಚ್ಚದಷ್ಟು ಸಾಮಾನು ಹಾಕಬೇಡಿ. ಅತ್ತೆಯವರು ಬೇಸರ ಮಾಡಿದ್ರೆ ಬೆಳ್ತಂಗಡಿಯ ಗ್ಯಾರೇಜಿನ ಬ್ಯಾರಿ ಬೇಡ ಹೇಳಿದ್ದಾನೆ ಹೇಳಿ," ಎಂದು ಹೊರೆಯನ್ನು ತಮ್ಮ ಮೇಲೆಯೇ ಹಾಕಿಕೊಂಡರು. ಗುರುವಾರ ನಾವು ಮಂಗಳೂರಿಗೂ ಹೋದೆವು, ಬಸ್ಸಿನಲ್ಲಿ. ಡಾಕ್ಟರು ಹೇಳಿದ್ದನ್ನು ಮಾಡದೆ ಬಿಡುವ ಧೈರ್ಯ ನನಗಿರಲಿಲ್ಲ. ದೊಡ್ಡ ಡಾಕ್ಟರು ಅಲ್ಲಿ ಇಲ್ಲಿ ಒತ್ತಿ ನೋಡಿ, "ಈಗ ನೋವು ಉಂಟಾ?" ಎಂದು ಕೇಳಿದರು. "ಇಲ್ಲ," ಎಂದಳು ಸುಮತಿ. "ಏನು ಚಿಕಿತ್ಸೆ ಮಾಡಿದಿರಿ?" "ಪೈಪು ಉದ್ದ ಮಾಡಿಸಿದೆವು." ದೊಡ್ಡ ಡಾಕ್ಟರು ಸ್ವಲ್ಪ ಹೊತ್ತು ಅವಳನ್ನೂ, ಆಮೇಲೆ ಬಹಳ ಹೊತ್ತು ನನ್ನನ್ನೂ ನೋಡಿದರು. ಪೂರ್ತಿ ಕಥೆ ಕೇಳಿದ ಮೇಲೆ ಮಾತ್ರ ನಕ್ಕರು. ಮದ್ದು ಕೊಡಲಿಲ್ಲ, ಕಾರಿನಲ್ಲಿ ಹೋಗಿ ನೋಡಿ, ಮತ್ತೆ ನೋವು ಬಂದರೆ ಬನ್ನಿ ಎಂದರು.

ಮುಂದಿನ ಭಾನುವಾರ ಬೈಹುಲ್ಲನ್ನು ಬಸ್ಸಿನ ಮೇಲೆ ಹಾಕಿ ಕಳುಹಿಸಿ ನಾವು ಹೊರಟೆವು. ಡಿಕ್ಕಿ ಮುಚ್ಚಿತ್ತು. ಸ್ಪ್ರಿಂಗಿನ ಮೇಲೆ ದಪ್ಪದ ಕಂಬಳಿ ಮಡಚಿ ಹಾಕಿದ್ದರಿಂದ ಸುಮತಿ ಈ ಸಲ ನನ್ನ ಪಕ್ಕದಲ್ಲಿ. ಸಿದ್ಧಕಟ್ಟೆ ಬಂತು. ಓರೆಗಣ್ಣಿನಲ್ಲಿ ನೋಡಿದೆ: ಹಣೆಗೆ ಕೈಯಿಲ್ಲ, ಕಣ್ಣು ಅರಳಿಸಿಕೊಂಡು ರಸ್ತೆ ನೋಡುತ್ತಿದ್ದಾಳೆ. ಒಂದು ವರ್ಷದ ಮೇಲೆ ಆ ದಾರಿಯಲ್ಲಿ ಅವಳ ಕಣ್ಣು ತೆರೆದದ್ದು ಅದೇ ಮೊದಲು.

"ತಲೆ ಹೇಗುಂಟು?" ಎಂದೆ.

"ತಲೆಗೆ ಎಂತದೂ ಇಲ್ಲ," ಎಂದಳು. ಆಮೇಲೆ, "ನೀವು ಯಾವಾಗಲೂ ಹೀಗೆಯೇ ಕಾರು ಬಿಡುದಾ?"

"ಹೀಗೆ ಅಂದ್ರೆ?"

"ಅಲ್ಲ, ಹಿಂದೆ ಕೂತು ನಾನು ಇಷ್ಟು ದಿನ ನೋಡಿರ್ಲಿಲ್ಲ. ಅಯ್ಯೋ, ಆ ದನಕ್ಕೆ ಹಾರ್ನು ಮಾಡಿ! ತಿರುವಿನಲ್ಲಿ ಯಾರಾದ್ರೂ ಇಷ್ಟು ಬಲಕ್ಕೆ ಹೋಗ್ತಾರಾ? ಬಸ್ಸು ಬರ್ತಾ ಉಂಟು, ಕಾಣುದಿಲ್ವಾ? ಗೇರು ಹಾಕುವಾಗ ಅದು ಎಂತದು ಕಿರಿಚುದು? ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು ಇನ್ನೊಂದು ಕೈಯಲ್ಲಿ ನಶ್ಯ ಏರಿಸುದಾ ನೀವು? ದೇವರೇ, ಇಷ್ಟು ಸಮಯ ನಾನು ಕಣ್ಣು ಮುಚ್ಚಿ ಕೂತದ್ದೇ ಒಳ್ಳೆದಾಯ್ತು!"

ಸಿದ್ಧಕಟ್ಟೆಯಿಂದ ಮೂಡುಬಿದಿರೆಯವರೆಗೆ ಎಷ್ಟು ತಿರುವುಗಳಿವೆ, ಎಷ್ಟು ದನಗಳಿವೆ ಎಂದು ನನಗೆ ಅಂದೇ ಗೊತ್ತಾದದ್ದು. ಅತ್ತೆಯವರು ಮೆಟ್ಟಿಲಲ್ಲಿಯೇ ಕಾಯುತ್ತಿದ್ದರು. ಮಗಳ ಮುಖ ನೋಡಿ, "ಹೋಯ್ತಾ ನೋವು?" ಎಂದರು. "ಪೂರಾ ಹೋಯ್ತಮ್ಮ," ಎಂದಳು ಸುಮತಿ. ಅತ್ತೆಯವರು ಸಂತೋಷದಿಂದ ನನ್ನ ಕಡೆ ತಿರುಗಿದವರು ಒಮ್ಮೆಲೇ, "ನೀವೆಂತ ಹಣೆ ಒತ್ತಿಕೊಳ್ಳುದು?" ಎಂದು ಕೇಳಿದರು.

ಅಂದಿನಿಂದ ಆ ದಾರಿಯಲ್ಲಿ ತಲೆನೋವು ಬರುವುದು ನನಗೆ. ಹಸನಬ್ಬರಲ್ಲಿಗೆ ಹೋಗುವ ಎಂದು ಎಷ್ಟೋ ಸಲ ಅನಿಸುತ್ತದೆ. ಆದರೆ ಧೈರ್ಯ ಸಾಲುವುದಿಲ್ಲ. ಹೋದರೆ ಅವರು ಪಂಪು ಕೆಳಗಿಟ್ಟು, ನನ್ನನ್ನು ದಾಟಿ, ಕಾರಣ ಏನೆಂದು ಅಕ್ಕನನ್ನೇ ಕೇಳುತ್ತಾರೆ.